ಶಾರ್ಕ್‌ಗೆ ಅಂತ ತಗೊಂಡ ಕ್ಯಾಮೆರಾ: ಟಿಜಿ-6, ನೇತ್ರಾಣೀಲೂ ಮಾಲ್ಡೀವ್ಸಲ್ಲೂ

ಒಲಿಂಪಸ್ ಟಿಜಿ-6 ತಗೊಂಡು ಎರಡು ಸೀಸನ್ ಆಯ್ತು. ನೇತ್ರಾಣಿ ದ್ವೀಪದ ಹತ್ರ ಒಂಬತ್ತು ಡೈವ್, ಮಾಲ್ಡೀವ್ಸಲ್ಲಿ ಹನ್ನೊಂದು, ಒಟ್ಟು ಇಪ್ಪತ್ತು ಸಲ ನೀರಿಗೆ ಇಳಿಸಿದ್ದೀನಿ, ಇನ್ನು ಬರೀಬಹುದು. ತಗೊಂಡಿದ್ದೇ ಶಾರ್ಕ್ ಫೋಟೋ ತೆಗೀಬೇಕು ಅಂತ. ನಾನು ಕುಮಟಾದವ್ನು, ಚಿಕ್ಕೋನಿದ್ದಾಗಿಂದ ಶಾರ್ಕ್ ನೋಡಿದ್ದು ಮೀನು ಮಾರ್ಕೆಟ್ಟಲ್ಲಿ ಮಾತ್ರ, ಕೊಂಕಣಿಯವ್ರು ಮೋರಿ ಅಂತಾರೆ (ಬೆಂಗಳೂರಲ್ಲಿ ಹಾಗಂದ್ರೆ ಜನ ಮೂಗು ಮುಚ್ಕೋತಾರೆ), ಅದು ಜೀವಂತ ಇದ್ದಾಗ ಹೇಗೆ ಈಜುತ್ತೆ ಅಂತ ನೋಡೋ ಹುಚ್ಚು.

ಮೊದಲನೇ ಸಲ ನೇತ್ರಾಣಿಗೆ ಹೋದಾಗ ನನ್ ಹತ್ರ ಕ್ಯಾಮೆರಾ ಇರ್ಲಿಲ್ಲ. ಮುರುಡೇಶ್ವರದಿಂದ ಬೋಟಲ್ಲಿ ಹತ್ತಿರ ಹತ್ತಿರ 19 ಕಿಮೀ, ಅರ್ಧ ಜನ ದಾರೀಲೇ ವಾಂತಿ ಮಾಡ್ಕೊಂಡು ಮಲಗಿದ್ರು. ಕರ್ಕೊಂಡು ಹೋದ ಡೈವ್ ಶಾಪ್ ಹೆಸರು ಬೇಡ, ಅವ್ರ ಫೋಟೋ ಪ್ಯಾಕೇಜಲ್ಲಿ ಹತ್ತು ಫೋಟೋ ಬಂತು, ಹತ್ತರಲ್ಲೂ ನಾನು ಓಕೆ ಸಿಗ್ನಲ್ ತೋರಿಸ್ತಾ ಇದೀನಿ, ಮೀನು ಒಂದೂ ಇಲ್ಲ, ಒಂದ್ರಲ್ಲಿ ನನ್ನ ಕೈಗೆ ಕಡಲಸೌತೆ ಬೇರೆ ಕೊಟ್ಟಿದ್ದಾರೆ ಹಿಡ್ಕೊಳ್ಳೋಕೆ. ಅದನ್ನ ಎತ್ಬಾರ್ದು ಅಂತ ಆಗ ನಂಗೂ ಗೊತ್ತಿರ್ಲಿಲ್ಲ, ಅವ್ರಿಗೆ ಗೊತ್ತಿರ್ಬೇಕಿತ್ತು. ಆಮೇಲೆ ಓಪನ್ ವಾಟರ್ ಅನ್ನೋ ಡೈವಿಂಗ್ ಕಲಿಸೋ ಮೊದಲ ಕೋರ್ಸ್ ಮುಗಿಸಿ, ಬೇರೆ ಶಾಪ್ ಹಿಡಿದು, ಸೆಕೆಂಡ್ ಹ್ಯಾಂಡಲ್ಲಿ ಈ ಕ್ಯಾಮೆರಾ ಮತ್ತೆ ಅದರ ಪಿಟಿ-059 ಹೌಸಿಂಗ್ (ಕ್ಯಾಮೆರಾನ ಒಳಗಿಟ್ಟು ಮುಚ್ಚೋ ನೀರು ತಡೆಯೋ ಪೆಟ್ಟಿಗೆ) ಎರಡೂ ಸೇರಿಸಿ ತಗೊಂಡೆ.

ಕ್ಯಾಮೆರಾ 2019ರದ್ದು, 12 ಮೆಗಾಪಿಕ್ಸೆಲ್, ಅಂಗೈಯಗಲ. ಹೌಸಿಂಗ್ ಇಲ್ದೇನೇ 15 ಮೀಟರ್ ಆಳ ತಡ್ಕೊಳ್ಳುತ್ತೆ, ಹೌಸಿಂಗ್ ಹಾಕಿದ್ರೆ 45 ಮೀಟರ್. ಕ್ಯಾಮೆರಾನೇ ವಾಟರ್‌ಪ್ರೂಫ್ ಆಗಿರೋವಾಗ ಹೌಸಿಂಗ್ ಯಾಕೆ ಅಂತ ಎಲ್ರೂ ಕೇಳ್ತಾರೆ, ನಂಗೆ ಉತ್ತರ ಸಿಕ್ಕಿದ್ದು ಮೂರನೇ ಡೈವಲ್ಲಿ, ಅದೂ ಉಲ್ಟಾ ದಾರೀಲಿ. ಬೋಟ್ ಮೇಲೆ ಅವಸರದಲ್ಲಿ ಹೌಸಿಂಗ್ ಮುಚ್ಚಿದೆ, ಮುಚ್ಚಳದಲ್ಲಿ ನೀರು ತಡೆಯೋ ರಬ್ಬರ್ ಬಳೆ, ಅಂದ್ರೆ ಓ-ರಿಂಗ್ ಮೇಲೆ ಒಂದು ಕೂದಲು ಕೂತಿತ್ತು, ನನ್ದೇ ಕೂದಲು, ಇರೋದೇ ನಾಕು. 12 ಮೀಟರಲ್ಲಿ ನೋಡ್ತೀನಿ, ಹೌಸಿಂಗ್ ಒಳಗೆ ಮೂಲೇಲಿ ಒಂದು ಚಮಚ ನೀರು ಆ ಕಡೆ ಈ ಕಡೆ ಓಲಾಡ್ತಾ ಇದೆ. ಬೇರೆ ಕ್ಯಾಮೆರಾ ಆಗಿದ್ರೆ ಅಲ್ಲೇ ತಿಥಿ, ಇದು ತಾನೇ 15 ಮೀಟರ್ ತಡೆಯೋದ್ರಿಂದ ಏನೂ ಆಗ್ಲಿಲ್ಲ, ಮೇಲೆ ಬಂದು ಸಿಹಿನೀರಲ್ಲಿ ತೊಳೆದೆ, ಮಾರನೇ ದಿನ ಮತ್ತೆ ಇಳಿಸಿದೆ. ಈಗ ರೂಮಲ್ಲೇ ರಾತ್ರಿ ಫ್ಯಾನ್ ಆಫ್ ಮಾಡ್ಕೊಂಡು ಓ-ರಿಂಗ್ ಒರೆಸಿ, ಬೆರಳ ತುದೀಲಿ ಸಿಲಿಕಾನ್ ಗ್ರೀಸ್ ಸವರಿ ಮುಚ್ತೀನಿ, ಬೋಟ್ ಮೇಲೆ ತೆಗೆಯೋದೇ ಇಲ್ಲ. ಒಳಗೆ ಮಂಜು ಹಿಡೀದೇ ಇರ್ಲಿ ಅಂತ ಒಂದು ಸಿಲಿಕಾ ಜೆಲ್ ಪೊಟ್ಟಣ, ಹೊಸ ಚಪ್ಪಲಿ ಡಬ್ಬೀಲಿ ಬರುತ್ತಲ್ಲ ಅದೇ.

ಈಗ ಶಾರ್ಕ್ ವಿಷ್ಯ. ನೇತ್ರಾಣೀಲಿ ಬ್ಲ್ಯಾಕ್ ಟಿಪ್ ರೀಫ್ ಶಾರ್ಕ್ ಕಾಣುತ್ತೆ, ರೆಕ್ಕೆ ತುದಿಗೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು, ದೊಡ್ಡದು ಅಂದ್ರೂ ನಮ್ಮಷ್ಟುದ್ದ. ನಾಚಿಕೆ ಸ್ವಭಾವದ್ದು ಮಾರಾಯ್ರೇ, ನಾವು ಬಿಡೋ ಗುಳ್ಳೆ ಸದ್ದಿಗೇ ಹತ್ರ ಬರಲ್ಲ. ಮೂರು ಸಲ ಸಿಕ್ತು, ಮೂರು ಸಲಾನೂ ಫೋಟೋದಲ್ಲಿ ಬಾಲ ಮಾತ್ರ, ಅದೂ ನೀಲಿ ಮೇಲೆ ನೀಲಿ. ನೀರು ಮೊದಲು ನುಂಗೋದೇ ಕೆಂಪು ಬಣ್ಣ, 10 ಮೀಟರ್ ಇಳಿಯೋಷ್ಟರಲ್ಲಿ ಕೆಂಪು ಹೆಚ್ಚುಕಮ್ಮಿ ಮಾಯ, ಬೆರಳು ಕುಯ್ಕೊಂಡ್ರೆ ರಕ್ತಾನೂ ಹಸಿರಾಗಿ ಕಾಣುತ್ತೆ. ಇದಕ್ಕೆ ಕ್ಯಾಮೆರಾದಲ್ಲಿ ಆಳಕ್ಕೆ ತಕ್ಕ ಹಾಗೆ ಮೂರು ಅಂಡರ್‌ವಾಟರ್ ವೈಟ್ ಬ್ಯಾಲೆನ್ಸ್ (ಬಣ್ಣ ಸರಿದೂಗಿಸೋ ಸೆಟ್ಟಿಂಗ್) ಕೊಟ್ಟಿದ್ದಾರೆ, ಚೆನ್ನಾಗೇ ಕೆಲ್ಸ ಮಾಡುತ್ತೆ, ಆದ್ರೆ ಎಂಟು ಮೀಟರ್ ದೂರದ ಶಾರ್ಕ್‌ಗೆ ಯಾವ ಮೋಡೂ ಬಣ್ಣ ತಂದುಕೊಡಲ್ಲ, ನಡುವೆ ಅಷ್ಟು ನೀರಿದೆಯಲ್ಲ.

ಮಾಲ್ಡೀವ್ಸಲ್ಲಿ ಕಥೆ ಬೇರೆ. ಅಲ್ಲಿ 2010ರಲ್ಲೇ ಶಾರ್ಕ್ ಹಿಡಿಯೋದನ್ನ ಪೂರ್ತಿ ನಿಲ್ಲಿಸಿದ್ರು, ಅದರ ಫಲ ನೀರಿಗಿಳಿದ್ರೆ ಗೊತ್ತಾಗುತ್ತೆ. ಹವಳದ ಸ್ಥಿತಿ ಮಾತ್ರ ಎಲ್ಲಾ ಕಡೆ ಒಂದೇ ಥರ ಇಲ್ಲ, 1998ರಲ್ಲಿ ಒಂದ್ಸಲ, 2016ರಲ್ಲಿ ಇನ್ನೊಂದ್ಸಲ ಸಮುದ್ರ ಬಿಸಿಯಾಗಿ ಬಿಳಿಚಿಕೊಂಡು ಸತ್ತ ಜಾಗಗಳು ಇನ್ನೂ ಬೋಳು ಬೋಳು. ನಾವು ಹೋಗಿದ್ದು ವಾವು ಅಟಾಲ್‌ಗೆ, ಅಂದ್ರೆ ಬಳೆ ಆಕಾರದ ಹವಳದ ದ್ವೀಪಗಳ ಗುಂಪಿಗೆ. ಹವಳದ ಬಳೆ ಮಧ್ಯೆ ಸಮುದ್ರ ಒಳನುಗ್ಗೋ ಕಂಡಿಗೆ ಅಲ್ಲಿ ಕಂಡು ಅಂತಾರೆ (ಕಂಡಿ, ಕಂಡು, ಕೇಳಿ ಖುಷಿಯಾಯ್ತು), ನೀರು ಒಳಗೆ ಹರಿಯೋ ಹೊತ್ತಲ್ಲಿ ಅದರ ಅಂಚಿನ ಬಂಡೆಗೆ ಹುಕ್ ಸಿಗಿಸ್ಕೊಂಡು ಗಾಳಿಪಟದ ಥರ ತೂಗ್ತಾ ಕೂತ್ರೆ ಗ್ರೇ ರೀಫ್ ಶಾರ್ಕ್‌ಗಳು ಎದುರಿಗೇ ಗಸ್ತು ತಿರುಗ್ತವೆ. ನೋಡೋಕೆ ಕಣ್ಣು ಸಾಲ್ದು, ಫೋಟೋ ಸಾಧಾರಣ. ಆ ಆಳದ ಮಬ್ಬು ಬೆಳಕಲ್ಲಿ ಇದರ ಪುಟ್ಟ ಸೆನ್ಸರ್ ಐಎಸ್ಒ (ಬೆಳಕಿಗೆ ಸ್ಪಂದಿಸೋ ಮಟ್ಟ) ಏರಿಸ್ಕೊಂಡು ರವೆ ರವೆ ಮಾಡುತ್ತೆ, ಅದು ಈ ಸೈಜಿನ ಯಾವ ಕ್ಯಾಮೆರಾ ಆದ್ರೂ ಅಷ್ಟೇ. ಅಮ್ಮಂಗೆ ಇದ್ದಿದ್ರಲ್ಲಿ ಚೆನ್ನಾಗಿರೋದು ತೋರಿಸಿದೆ, "ಎಷ್ಟು ಕೇಜಿ ಬರ್ಬಹುದೋ ತಮ್ಮ?" ಅಂದ್ರು.

ಅದೇ ಅಟಾಲಿನ ಆಲಿಮಾಥಾ ದ್ವೀಪದ ನೈಟ್ ಡೈವಲ್ಲಿ ಮಾತ್ರ ಶಾರ್ಕ್ ಕೈಗೆಟುಕೋ ದೂರ. ಟಾನಿ ನರ್ಸ್ ಶಾರ್ಕ್‌ಗಳು, ಕಂದು ಬಣ್ಣ, ಬಾಯಿ ಹತ್ರ ಎರಡು ಮೀಸೆ, ಹಟ್ಟಿಗೆ ಬರೋ ಎಮ್ಮೆಗಳ ಥರ ಒಂದನ್ನೊಂದು ತಳ್ಕೊಂಡು ನಮ್ಮ ಭುಜಕ್ಕೇ ಉಜ್ಜಿ ಹೋಗ್ತವೆ. ಮೊದಲ ಹತ್ತು ನಿಮಿಷ ಟಾರ್ಚನ್ನ ಕ್ಯಾಮೆರಾಗೆ ಅಂಟಿಸಿ ಹಿಡ್ದು ತೆಗೆದ ಫೋಟೋ ಎಲ್ಲಾ ಅಕ್ಕಿಹಿಟ್ಟು ಎರಚಿದ ಹಾಗೆ ಬಂತು, ನೀರಲ್ಲಿ ತೇಲೋ ಕಣಗಳೆಲ್ಲ ಹೊಳೆದು. ಟಾರ್ಚ್ ಕೈನ ಪಕ್ಕಕ್ಕೆ ಚಾಚಿ ಓರೆಯಾಗಿ ಬೆಳಕು ಬಿಟ್ಟ ಮೇಲೆ ಸರಿಹೋಯ್ತು. ಆ ರಾತ್ರೀದು ಒಂದು ಫೋಟೋ ನನ್ನ ಲ್ಯಾಪ್‌ಟಾಪಲ್ಲಿ ವಾಲ್‌ಪೇಪರ್, ಸಣ್ಣ ಕಣ್ಣು, ಪಕ್ಕದಲ್ಲಿ ನನ್ನದೇ ಬೆರಳು.

ಆದ್ರೆ ಈ ಕ್ಯಾಮೆರಾ ನಿಜವಾಗ್ಲೂ ಏನಕ್ಕೆ ಹುಟ್ಟಿದೆ ಅಂತ ಗೊತ್ತಾಗಿದ್ದು ನೇತ್ರಾಣೀಲೇ, ಒಂದು ಜನವರೀಲಿ, ಶಾರ್ಕ್ ಕಾಣ್ಲಿಲ್ಲ ಅಂತ ಮುಖ ಗಂಟಿಕ್ಕಿಕೊಂಡು ಬಂಡೆ ನೋಡ್ತಾ ಇದ್ದಾಗ. ಹೆಬ್ಬೆರಳುದ್ದದ ಒಂದು ನ್ಯೂಡಿಬ್ರಾಂಕ್, ಚಿಪ್ಪಿಲ್ಲದ ಸಮುದ್ರದ ಬಸವನಹುಳ, ಕಪ್ಪು ಮೈ ಮೇಲೆ ನೀಲಿ ದಿಬ್ಬ, ದಿಬ್ಬದ ತುದೀಲಿ ಹಳದಿ ಚುಕ್ಕಿ. ಡಯಲ್ಲನ್ನ ಮೈಕ್ರೋಸ್ಕೋಪ್ ಮೋಡಿಗೆ ತಿರುಗಿಸ್ದೆ, ಲೆನ್ಸಿಂದ 1 ಸೆಂಟಿಮೀಟರ್ ದೂರದಲ್ಲೂ ಫೋಕಸ್ ಆಗುತ್ತೆ ಇದ್ರಲ್ಲಿ, ಅದು ಹಳದಿ ಕೊಂಬು ಎರಡನ್ನೂ ಮೆಲ್ಲಗೆ ಒಳಗೆಳ್ಕೊಂಡು ಮತ್ತೆ ಹೊರಗೆ ಹಾಕ್ತು, ನಾನು ಒಂದೇ ಕಡೆ ಹದಿನೈದು ನಿಮಿಷ. ಬಡ್ಡಿ (ಜೊತೆಗಿಳಿದ ಡೈವರ್) ಬಂದು ಗೇಜ್ ತೋರಿಸ್ದಾಗಲೇ ಗೊತ್ತಾಗಿದ್ದು ಸಿಲಿಂಡರಲ್ಲಿ ಏರ್ ತೀರಾ ಕಮ್ಮಿಯಾಗಿ 60 ಬಾರ್‌ಗೆ ಇಳಿದಿದೆ ಅಂತ (ಇದು ಶಹಬ್ಬಾಸ್‌ಗಿರಿ ಅಲ್ಲ, ಬೈಸ್ಕೊಂಡೆ). ಫೋಟೋ ಮನೇಲಿ ತೆರೆದಾಗ ಕೊಂಬಿನ ಗೆರೆ ಗೆರೆ ಎಣಿಸ್ಬಹುದು. ಅಲ್ಲಿಂದ ಮೋರೆ ಈಲ್ (ಹಾವಿನಂಥ ಮೀನು) ಹಲ್ಲು ಶುಚಿ ಮಾಡೋ ಸೀಗಡಿ, ಲಯನ್ ಫಿಶ್ ಮುಖ, ಹವಳದ ಬಾಯಿ, ಇದೇ ನನ್ನ ಆಲ್ಬಮ್.

ಪ್ರೋ ಕ್ಯಾಪ್ಚರ್ ಅಂತ ಒಂದಿದೆ, ಬಟನ್ ಒತ್ತೋದಕ್ಕಿಂತ ಅರ್ಧ ಸೆಕೆಂಡ್ ಹಿಂದಿನದ್ದೂ ಸೇವ್ ಆಗುತ್ತೆ, ಬಿಲದಿಂದ ಇಣುಕಿ ಓಡೋ ಮೀನಿಗೆ ಬಹಳ ಉಪಯೋಗ. ರಾ ಫೈಲ್ (ಸೆನ್ಸರ್ ಕಂಡಿದ್ದನ್ನ ಹಾಗೇ ಇಡೋ ಫೈಲ್) ಕೊಡುತ್ತೆ, ದಯವಿಟ್ಟು ಅದ್ರಲ್ಲೇ ತೆಗೀರಿ, ಬಣ್ಣ ಆಮೇಲೆ ಸರಿ ಮಾಡ್ಕೋಬಹುದು. ಬ್ಯಾಟರಿ ಎರಡು ಡೈವ್‌ಗೆ ಸಾಕು, ವಿಡಿಯೋ ಮಾಡ್ತಾ ಕೂತ್ರೆ ಒಂದಕ್ಕೇ.

ಹೊಸದು ಟಿಜಿ-7 2023ರಲ್ಲಿ ಬಂದಿದೆ, ಈಗ ಓಎಂ ಸಿಸ್ಟಂ ಅನ್ನೋ ಹೆಸರಲ್ಲಿ, ಯುಎಸ್‌ಬಿ-ಸಿ ಸಿಗುತ್ತೆ, ಸೆನ್ಸರ್ ಸೈಜ್ ಅದೇ. 6 ಒಳ್ಳೆ ಕಂಡಿಷನ್ನಲ್ಲಿ ಸಿಕ್ಕಿದ್ರೆ 7ಕ್ಕೆ ಹೋಗೋದು ಬೇಡ, ಉಳಿದ ದುಡ್ಡಲ್ಲಿ ಒಂದು ವಿಡಿಯೋ ಲೈಟ್ ಮತ್ತೆ ಅದನ್ನ ಪಕ್ಕಕ್ಕೆ ಹಿಡಿಯೋ ಆರ್ಮ್ ತಗೊಳ್ಳಿ. ಬರೀ ಶಾರ್ಕ್ ಬೇಕು ಅನ್ನೋರು ವೈಡ್ ಲೆನ್ಸ್ ಹಾಕೋ ದೊಡ್ಡ ಕ್ಯಾಮೆರಾ ಕಡೆ ಹೋಗಿ. ಹತ್ತು ಡೈವ್ ಕೂಡ ಆಗದೇ ಇರೋರು ಯಾವುದೂ ತಗೋಬೇಡಿ, ಒಂದೇ ಕಡೆ ಅಲುಗಾಡದೇ ತೇಲೋಕೆ ಬರೋವರೆಗೂ ಫೋಟೋ ಹೋಗ್ಲಿ, ಕ್ಯಾಮೆರಾ ನೋಡ್ಕೊಂಡು ಹವಳದ ಮೇಲೆ ಕಾಲಿನ ಫಿನ್ ಬಡಿಯೋರನ್ನ ನೇತ್ರಾಣಿಗೆ ಹೋದಾಗೆಲ್ಲ ನೋಡ್ತೀನಿ. ಸೆಕೆಂಡ್ ಹ್ಯಾಂಡ್ ಹೌಸಿಂಗ್ ತಗೊಂಡ್ರೆ ಮೊದಲನೇ ಡೈವ್‌ಗೆ ಕ್ಯಾಮೆರಾ ಹಾಕ್ಬೇಡಿ, ಒಂದು ಟಿಶ್ಯೂ ಪೇಪರ್ ಒಳಗಿಟ್ಟು ಇಳಿಸಿ, ಒಣಗೇ ಮೇಲೆ ಬಂದ್ರೆ ಮಾತ್ರ ಮುಂದಿನ ಮಾತು.