ಓಕ್ ಪೀಪಾಯಿಯ ಮೂರು ಏಲ್‌ಗಳು: ಮರ ಎಷ್ಟು, ಬಿಯರ್ ಎಷ್ಟು?

ಊರಿನಿಂದ ಎಡಿನ್‌ಬರಾಗೆ ಬಂದ ಗೆಳೆಯರು ಓಕ್ ಪೀಪಾಯಿಯಲ್ಲಿ ಮಾಗಿದ ಸ್ಟ್ರಾಂಗ್ ಏಲ್ (ಏಲ್ ಎಂದರೆ ಒಂದು ಬಗೆಯ ಬಿಯರ್) ಯಾವುದು ಕುಡಿಯಬೇಕು ಎಂದಾಗಲೆಲ್ಲ ನಾನು ಇನ್ನಿಸ್ ಅಂಡ್ ಗನ್ ಹೆಸರು ಹೇಳಿಬಿಡುತ್ತಿದ್ದೆ. ಸೂಪರ್‌ಮಾರ್ಕೆಟ್ಟಿನಲ್ಲೇ ಸಿಗುತ್ತದೆ, ಸಿಹಿಯಾಗಿದೆ, ಮೊದಲ ಸಲ ಕುಡಿಯುವವರೂ ಮುಖ ಕಿವುಚುವುದಿಲ್ಲ. ಈ ಜನವರಿಯಲ್ಲಿ ಅದರ ಪಕ್ಕಕ್ಕೆ ಇನ್ನೆರಡು ಬಾಟಲಿ ಇಟ್ಟು ಒಂದೇ ಸಂಜೆ ರುಚಿ ನೋಡಿದೆವು. ಆಮೇಲೆ ಆ ಹೆಸರನ್ನು ಅಷ್ಟು ಸಲೀಸಾಗಿ ಹೇಳಲು ಆಗುತ್ತಿಲ್ಲ.

ಮೇಜಿಗೆ ಬಂದವು ಮೂರು. ಎಡಿನ್‌ಬರಾದ ಇನ್ನಿಸ್ ಅಂಡ್ ಗನ್ ಒರಿಜಿನಲ್, ಆಲ್ಕೋಹಾಲ್ 6.6 ಶೇಕಡಾ. ಅಮೆರಿಕದ ಲೆಕ್ಸಿಂಗ್‌ಟನ್ನಿನಿಂದ ಸ್ನೇಹಿತರೊಬ್ಬರು ತಂದುಕೊಟ್ಟ ಕೆಂಟಕಿ ಬರ್ಬನ್ ಬ್ಯಾರಲ್ ಏಲ್, 8.2 ಶೇಕಡಾ. ಸ್ಟರ್ಲಿಂಗ್ ದಾಟಿದರೆ ಸಿಗುವ ಆಲ್ವಾ ಎಂಬ ಪುಟ್ಟ ಊರಿನ ಹಾರ್ವಿಸ್‌ಟನ್ ಬ್ರೂವರಿಯವರ ಓಲಾ ಡೂ 12, ಶೇಕಡಾ 8. ಕುಡಿಯಲು ಕೂತವರೂ ಮೂವರೇ: ನಾನು, ನನ್ನ ಹೆಂಡತಿ, ವಿಸ್ಕಿಯ ವಾಸನೆ ಕಂಡರಾಗದ ಮೇಲ್ಮನೆಯ ಗೆಳೆಯ. ಒಂದೊಂದು ಬಾಟಲಿಯನ್ನೂ ಮೂರು ಪಾಲು ಮಾಡಿದೆವು. ಇಂಥ ಏಲ್ ರುಚಿ ನೋಡಲು ತಲಾ ನೂರು ಮಿಲಿ ಧಾರಾಳ ಸಾಕು. ಅದಕ್ಕಿಂತ ಹೆಚ್ಚಾದರೆ ಮೂರನೆಯದರ ಹೊತ್ತಿಗೆ ನಾಲಿಗೆಯ ತೀರ್ಪನ್ನು ನಂಬುವಂತಿಲ್ಲ.

ನಿಜವಾಗಿ ಇದು ಡಿಸೆಂಬರಿನಲ್ಲೇ ಆಗಬೇಕಿತ್ತು. ಆಗ ಕೊಂಡ ಓಲಾ ಡೂ ಬಾಟಲಿಯನ್ನು ಅಂಗಡಿಯವರು ಹೀಟರಿನ ನೇರ ಮೇಲಿನ ಶೆಲ್ಫಿನಲ್ಲಿ ಎಷ್ಟು ತಿಂಗಳು ಇಟ್ಟಿದ್ದರೋ, ತೆರೆದರೆ ಮಳೆಯಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯ ವಾಸನೆ. ನನಗೆ ತುಂಬ ಬೇಸರವಾಯಿತು. ಪೀಪಾಯಿಯ ಹಲಗೆಗಳ ಸಂದಿನಿಂದ ಸ್ವಲ್ಪವೇ ಗಾಳಿಯಾಡಿದರೆ ಬಿಯರಿಗೆ ಒಣದ್ರಾಕ್ಷಿಯಂಥ, ಶೆರಿ ವೈನಿನಂಥ ಗುಣ ಬರುತ್ತದೆ. ಬಾಟಲಿಯೊಳಗೆ ಉಳಿದ ಅದೇ ಆಮ್ಲಜನಕ ಶಾಖದ ಜೊತೆ ಸೇರಿದರೆ ರಟ್ಟು. ಸ್ಟ್ರಾಂಗ್ ಏಲ್ ವರ್ಷಗಟ್ಟಲೆ ಇಡಬಹುದು ಎನ್ನುವುದು ತಂಪಾದ ಕತ್ತಲೆ ಜಾಗಕ್ಕೆ ಮಾತ್ರ ಅನ್ವಯ.

ಮೊದಲ ಸುತ್ತಿನಲ್ಲಿ ತಪ್ಪು ನನ್ನದೇ. ಮೂರನ್ನೂ ಫ್ರಿಜ್ಜಿನಿಂದ ನೇರವಾಗಿ ತೆಗೆದು ಸುರಿದೆ. ಗೆದ್ದದ್ದು ಇನ್ನಿಸ್ ಅಂಡ್ ಗನ್, ಮೂವರೂ ಒಪ್ಪಿದೆವು. ಉಳಿದೆರಡು ಬಾಯಿಗೆ ಬರೀ ಕಹಿ, ಬರೀ ಉರಿ. ಲೋಟಗಳನ್ನು ಹಾಗೇ ಬಿಟ್ಟು ಅಡುಗೆ ಮುಗಿಸಿ ಮುಕ್ಕಾಲು ಗಂಟೆಯ ಮೇಲೆ ಬಂದರೆ ಸಾಲು ತಲೆಕೆಳಗಾಗಿತ್ತು. ಮರದಿಂದ ಬರುವ ಪರಿಮಳಗಳು ತಣ್ಣಗಿದ್ದಾಗ ಮೇಲೇಳುವುದೇ ಇಲ್ಲ, ಒಗರು ಮಾತ್ರ ಎದ್ದು ಕಾಣುತ್ತದೆ. 12 ಡಿಗ್ರಿ ಆಸುಪಾಸಿಗೆ ಬಂದ ಮೇಲೆ ಇವುಗಳ ಮುಖ ಗೊತ್ತಾಗುವುದು. ಬಾಯಿ ಕಿರಿದಾದ, ಹೊಟ್ಟೆ ಅಗಲವಾದ ಲೋಟ ಇದ್ದರೆ ಇನ್ನೂ ಒಳ್ಳೆಯದು.

ಎರಡನೇ ಸುತ್ತಿಗೆ ಕಣ್ಣಿಗೆ ಟವೆಲ್ ಕಟ್ಟಿಕೊಂಡೆವು. ಒಂದು ಏಲ್ ಕಪ್ಪಗಿರುವಾಗ ಬೇರೆ ದಾರಿಯಿಲ್ಲ. ಕೆಂಟಕಿಯ ಲೋಟ ಮೂಗಿನ ಹತ್ತಿರ ಬಂದದ್ದೇ ತಡ, "ರೀ, ಇದರಲ್ಲಿ ಕೊಬ್ಬರಿ ಇದೆ" ಎಂದಳು ಹೆಂಡತಿ. ನಿಜವಾಗಿಯೂ ಒಣಕೊಬ್ಬರಿ, ಅದರ ಹಿಂದೆ ವೆನಿಲ್ಲಾ, ಒಂದು ಎಳೆ ಲವಂಗ. ಅಮೆರಿಕದ ಬಿಳಿ ಓಕ್ ಮರದಲ್ಲಿರುವ ಲ್ಯಾಕ್ಟೋನ್ ಕೊಬ್ಬರಿಯ ಪರಿಮಳ ಕೊಡುತ್ತದೆ, ವೆನಿಲಿನ್ ವೆನಿಲ್ಲಾದ್ದು, ಲವಂಗಕ್ಕೆ ಪರಿಮಳ ಕೊಡುವ ಯೂಜಿನಾಲ್ ಕೂಡ ಈ ಮರದಲ್ಲಿದೆ. ಒಳಗೆ ಸುಟ್ಟು ಕರಿಗಟ್ಟಿಸಿದ ಹೊಸ ಓಕ್ ಪೀಪಾಯಿಯಲ್ಲೇ ಬರ್ಬನ್ ಎಂಬ ತಮ್ಮ ವಿಸ್ಕಿಯನ್ನು ಇಡಬೇಕೆಂದು ಅಮೆರಿಕದ ಕಾನೂನು ಹೇಳುತ್ತದೆ. ಹಾಗಾಗಿ ಒಮ್ಮೆ ಬಳಸಿದ, ಸುಮಾರು 200 ಲೀಟರಿನ ಪೀಪಾಯಿಗಳು ಕೆಂಟಕಿಯಲ್ಲಿ ರಾಶಿ ರಾಶಿ ಮಿಗುತ್ತವೆ. ಸ್ಕಾಚ್ ಮಾಡುವವರೂ ಕೊಳ್ಳುತ್ತಾರೆ, ಬಿಯರ್ ಮಾಡುವವರೂ ಕೊಳ್ಳುತ್ತಾರೆ. ಆಲ್‌ಟೆಕ್ ಕಂಪನಿಯ ಸ್ಥಾಪಕ ಪಿಯರ್ಸ್ ಲಯನ್ಸ್ ಅವರ ಲೆಕ್ಸಿಂಗ್‌ಟನ್ ಬ್ರೂವರಿ 2006ರಲ್ಲಿ ಈ ಏಲ್ ಹೊರತಂದಾಗ ಪೀಪಾಯಿಗೆ ದೂರ ಹೋಗಬೇಕಿರಲಿಲ್ಲ. ಬರ್ಬನ್ ಆಗಷ್ಟೇ ಖಾಲಿಯಾದ, ಹಲಗೆ ಇನ್ನೂ ಒದ್ದೆಯಿರುವ ಪೀಪಾಯಿಗೆ ಏಲ್ ತುಂಬಿ ಆರು ವಾರದವರೆಗೆ ಬಿಡುತ್ತಾರೆ.

ಆ ಒದ್ದೆಯೇ ಇದರ ಶಕ್ತಿ, ನನ್ನ ತಕರಾರೂ ಅದೇ. ವಾಸನೆ ಬರ್ಬನ್ ಲೋಟದ್ದು, ಆದರೆ ಗುಟುಕರಿಸಿದರೆ ನಡುವೆ ಪೊಳ್ಳು. ಅಡಿಯಲ್ಲಿರುವ ಏಲ್ ಸಾಧು, ತಾಮ್ರದ ಬಣ್ಣದ್ದು, ತೆಳು. ಮೂಗಿಗೆ ಸಿಕ್ಕಷ್ಟು ಬಾಯಿಗೆ ಸಿಗುವುದಿಲ್ಲ. ಮರ ಬಿಯರಿನ ಮೇಲೆ ಕೂತಿದೆ, ಒಳಗೆ ಇಳಿದಿಲ್ಲ. ಬರ್ಬನ್ ಪ್ರಿಯರಿಗೆ ಇದು ಹಬ್ಬವೇ. ವಿಸ್ಕಿ ಆಗದ ಮೇಲ್ಮನೆಯ ಗೆಳೆಯ ಎರಡೇ ಗುಟುಕಿಗೆ ಲೋಟ ಪಕ್ಕಕ್ಕಿಟ್ಟ.

ಇನ್ನಿಸ್ ಅಂಡ್ ಗನ್ ಹುಟ್ಟಿದ ಕಥೆ ನನಗೆ ಬಲು ಇಷ್ಟ. ವಿಲಿಯಂ ಗ್ರ್ಯಾಂಟ್ ವಿಸ್ಕಿ ಕಂಪನಿಗೆ ಏಲ್ ರುಚಿ ಹತ್ತಿದ ಪೀಪಾಯಿಗಳು ಬೇಕಾಗಿದ್ದವು. ಅದಕ್ಕೆಂದು ಬಿಯರ್ ತಯಾರಕ ಡೂಗಲ್ ಶಾರ್ಪ್ ಒಂದು ಏಲ್ ಮಾಡಿಕೊಟ್ಟರು. ಕೆಲಸ ಮುಗಿದ ಮೇಲೆ ಆ ಏಲನ್ನು ಚೆಲ್ಲುತ್ತಿದ್ದರು. ಅದರ ರುಚಿ ಕಂಡುಕೊಂಡದ್ದು ಅಲ್ಲಿನ ಕೆಲಸಗಾರರು. 2003ರಲ್ಲಿ ಅದೇ ಮಾರಾಟಕ್ಕೆ ಬಂತು. ಹೆಸರು ಡೂಗಲ್ ಮತ್ತು ಅವರ ಸಹೋದರ ನೀಲ್ ಇಬ್ಬರ ನಡುಹೆಸರುಗಳಿಂದ ಕೂಡಿಸಿದ್ದು. ಆರಂಭದ ಬಾಟಲಿಗಳು 77 ದಿನ ಮಾಗಿದವು ಎಂದು ಹೆಸರು ಮಾಡಿದ್ದವು. ಮುಂದೆ ಓಕ್ ಚೂರುಗಳ ಮೂಲಕ ಏಲ್ ಹಾಯಿಸುವ ಯಂತ್ರವನ್ನೂ ಬಳಸಿದರು. ಲೋಟದಲ್ಲಿ ಇದು ಜೇನುಬಣ್ಣ. ಎಳೆಪಾಕದ ಬೆಲ್ಲ, ಬೆಣ್ಣೆ, ಟಾಫಿ, ವೆನಿಲ್ಲಾ. ಎಲ್ಲೂ ಮುಳ್ಳಿಲ್ಲ. ಬೆಚ್ಚಗಾದಂತೆ ಸಿಹಿ ಮಾತ್ರ ಮೇಲೆ ಬಂದು ಮರ ಹಿಂದೆ ಸರಿಯಿತು, ಕೊನೆಯ ಗುಟುಕಿನ ಹೊತ್ತಿಗೆ ನನಗೆ ಸಾಕಾಯಿತು. ತಣ್ಣಗೆ ಒಂದು ಬಾಟಲಿ ಕುಡಿದು ಊಟಕ್ಕೆ ಏಳುವವರಿಗೆ ಈಗಲೂ ಇದನ್ನೇ ಹೇಳುತ್ತೇನೆ. ಕೂತು ನಿಧಾನ ಕುಡಿಯುವವರಿಗೆ ಅಲ್ಲ.

ಓಲಾ ಡೂ ಎಂದರೆ ಗೇಲಿಕ್ ಭಾಷೆಯಲ್ಲಿ ಕಪ್ಪೆಣ್ಣೆ. ಹಾರ್ವಿಸ್‌ಟನ್ನಿನವರ ಓಲ್ಡ್ ಎಂಜಿನ್ ಆಯಿಲ್ ಎಂಬ ಕಪ್ಪು ಏಲ್ ಇದರ ಮೂಲ. ಅದನ್ನು ಗಟ್ಟಿ ಮಾಡಿ, ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳ ಹೈಲ್ಯಾಂಡ್ ಪಾರ್ಕ್ ವಿಸ್ಕಿ ಇದ್ದ ಪೀಪಾಯಿಗಳಲ್ಲಿ ಮಾಗಿಸುತ್ತಾರೆ. ಲೇಬಲ್ಲಿನ 12 ನೋಡಿ ಬಿಯರಿಗೆ ಹನ್ನೆರಡು ವರ್ಷವಾಯಿತು ಎಂದುಕೊಳ್ಳಬೇಡಿ. ಆ ಪೀಪಾಯಿಯಲ್ಲಿದ್ದ ವಿಸ್ಕಿಯ ವಯಸ್ಸು ಅದು. 16, 18, 30ರ ಬಾಟಲಿಗಳಿಗೂ ಅದೇ ಲೆಕ್ಕ.

ಇದರ ಮುಂದೆ ನಾನು ಹೆಚ್ಚು ಹೊತ್ತು ಕೂತೆ. ನೊರೆ ಕಾಫಿ ಡಿಕಾಕ್ಷನ್ನಿನ ಬಣ್ಣ, ಬೇಗ ಇಳಿಯಿತು. ಮೊದಲು ಕಹಿ ಚಾಕೊಲೇಟು, ಹುರಿದ ಕಾಫಿಬೀಜ, ಕಾಕಂಬಿ. ನುಂಗಿದ ಮೇಲೆ, ನಿಧಾನವಾಗಿ, ಹೊಗೆ. ಮರಗಳೇ ವಿರಳವಾದ ಆರ್ಕ್ನಿಯಲ್ಲಿ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಒಣಗಿಸಲು ಸುಡುವುದು ಹೆದರ್ ಗಿಡಗಳು ಕೊಳೆತು ಆದ ಪೀಟ್ ಮಣ್ಣು. ಆ ಹೊಗೆ ವಿಸ್ಕಿಗೆ ಹೋಗಿ, ವಿಸ್ಕಿಯಿಂದ ಹಲಗೆಗೆ ಹೋಗಿ, ಹಲಗೆಯಿಂದ ಇಲ್ಲಿಗೆ ಬಂದಿದೆ. ಮಲೆನಾಡಿನ ಸಾಗರದ ನಮ್ಮ ಮನೆಯಲ್ಲಿ ಅಡಕೆ ಬೇಯಿಸುವ ಒಲೆಯ ಬಳಿ ಬೆಳೆದವನಿಗೆ ಇದು ಪರಿಚಿತ ಎನ್ನಿಸುವುದು ಹೊಗೆಗಷ್ಟೇ ಅಲ್ಲ. ನಾಲಿಗೆಯ ಪಕ್ಕಗಳನ್ನು ಹಿಡಿಯುವ ಒಗರು ಇದೆಯಲ್ಲ, ಅದು ಚೊಗರಿನ (ಅಡಕೆ ಬೇಯಿಸಿದ ನೀರು) ಸೋದರ. ಅಡಕೆಯಲ್ಲೂ ಓಕಿನಲ್ಲೂ ಒಗರಿಗೆ ಕಾರಣ ಟ್ಯಾನಿನ್ನೇ. ತೆಳು ಬಿಯರಿನಲ್ಲಿ ಈ ಒಗರು ಒರಟಾಗಿರುತ್ತಿತ್ತು. ಇಲ್ಲಿ ಹುರಿದ ಮಾಲ್ಟಿನ ಕಹಿ, ಉಳಿದ ಸಿಹಿ ಎರಡೂ ಅದನ್ನು ಹೊತ್ತುಕೊಳ್ಳುತ್ತವೆ. ವಿಸ್ಕಿ ಎಲ್ಲಿ ಮುಗಿಯಿತು, ಏಲ್ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ನನಗೆ ಆಗಲಿಲ್ಲ. ವಿಸ್ಕಿ ಆಗದ ಗೆಳೆಯ ಪೂರ್ತಿ ಖಾಲಿ ಮಾಡಿದ್ದು ಇದೊಂದನ್ನೇ.

ಓಕ್ ಏಲ್ ಎಂದರೆ ಹುಳಿ ಎಂದು ನೆನೆಯುವವರು ಈ ಸಾಲಿಗೆ ಬರುವುದೇ ಬೇಡ, ಬೆಲ್ಜಿಯಂನ ರೋಡೆನ್‌ಬಾಖ್ ಗ್ರ್ಯಾಂಡ್ ಕ್ರೂ ಹುಡುಕಲಿ. ಮನೆಯೆತ್ತರದ ಹಳೆಯ ಓಕ್ ತೊಟ್ಟಿಗಳಲ್ಲಿ ಎರಡು ವರ್ಷ ಇಟ್ಟ ಬಿಯರಿಗೆ ಒಂದು ಪಾಲು ಎಳೆಯದನ್ನು ಬೆರೆಸಿದ್ದು. ಅಲ್ಲಿ ಮರದ ರುಚಿಯಿಲ್ಲ, ಮರದಲ್ಲಿ ಮನೆಮಾಡಿದ ಸೂಕ್ಷ್ಮಜೀವಿಗಳ ಕೆಲಸವಿದೆ.

ಜೊತೆಗೆ ತಿನ್ನಲು ಹೆಂಡತಿ ಕೋಡುಬಳೆ ಕರಿದಿದ್ದಳು. ಕೋಡುಬಳೆ ಬಹಳ ಚೆನ್ನಾಗಿತ್ತು, ಆದರೆ ಖಾರ ಆಲ್ಕೋಹಾಲಿನ ಉರಿಯನ್ನು ಹೆಚ್ಚಿಸುತ್ತದೆ. ಕೆಂಟಕಿಯಂತೂ ಗಂಟಲು ಸುಟ್ಟಿತು. ಹಳೆಯ ಚೆಡರ್ ಚೀಸ್ ಮೂರಕ್ಕೂ ಹೊಂದಿತು, ಓಲಾ ಡೂಗೆ ಎಲ್ಲಕ್ಕಿಂತ ಹೆಚ್ಚು.

ವಿಸ್ಕಿಯವರಿಂದ ಕಲಿತ ಒಂದು ಪರೀಕ್ಷೆ ಬಾಕಿಯಿತ್ತು. ಖಾಲಿ ಲೋಟಗಳನ್ನು ತೊಳೆಯದೆ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮೂಸಿದೆ. ಇನ್ನಿಸ್ ಅಂಡ್ ಗನ್ ಲೋಟದಲ್ಲಿ ಸಕ್ಕರೆಯ ಅಂಟು ಬಿಟ್ಟರೆ ಏನೂ ಇರಲಿಲ್ಲ. ಕೆಂಟಕಿಯದರಲ್ಲಿ ಕೊಬ್ಬರಿ ಹಾಗೇ ಇತ್ತು, ಏಲ್ ಮಾಯವಾಗಿತ್ತು. ಓಲಾ ಡೂ ಲೋಟದಲ್ಲಿ ತಣ್ಣಗಾದ ಒಲೆಬೂದಿ, ಹುರಿದ ಮಾಲ್ಟು ಎರಡೂ ಉಳಿದಿದ್ದವು. ಅದೇ ವಾರ ಇನ್ನೆರಡು ಓಲಾ ಡೂ 12 ತಂದೆ, ಈ ಸಲ ನೆಲಮಾಳಿಗೆಯಲ್ಲಿ ದಾಸ್ತಾನಿಡುವ ಅಂಗಡಿಯಿಂದ. ಒಂದು ಮುಂದಿನ ಜನವರಿಗೆಂದು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿದೆ.