ಫುಲ್ಲಿ ಸಿಂಥೆಟಿಕ್ ಎಂಜಿನ್ ಆಯಿಲ್: ಕಲಬುರಗಿ ಬಿಸಿಲಲ್ಲಿ ನಾಲ್ಕು ವರ್ಷ, 62,000 ಕಿ.ಮೀ.

ತೊಗರಿ ವ್ಯಾಪಾರ ನನ್ನದು. ವಾರದಲ್ಲಿ ಐದು ದಿನ ಗಾಡಿ ರಸ್ತೆ ಮೇಲೇ ಇರುತ್ತೆ. ಒಂದಿನ ಸೇಡಂ, ಒಂದಿನ ಆಳಂದ, ಇನ್ನೊಂದಿನ ಜೇವರ್ಗಿ ದಾಟಿ ಶಹಾಪುರ. ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲು, ಸೇಡಂ ದಾರಿಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಧೂಳು ಕುಡಿಯುತ್ತಾ ಸೆಕೆಂಡ್ ಗೇರಿನಲ್ಲಿ ಹೋಗಬೇಕು. ಗಾಡಿ ಪೆಟ್ರೋಲ್ ಸೆಡಾನ್, ಫಿಲ್ಟರ್ ಸಮೇತ ಮೂರೂವರೆ ಲೀಟರ್ ಆಯಿಲ್ ಹಿಡಿಯುತ್ತೆ.

ಮೊದಲು ಹಾಕಿಸುತ್ತಿದ್ದ ಮಿನರಲ್ ಆಯಿಲ್ ಡಬ್ಬಿಗೆ ₹1,250. ಈಗಿನ ಸಿಂಥೆಟಿಕ್ 5ಡಬ್ಲ್ಯು-30ಕ್ಕೆ (ಆಯಿಲ್ ಎಷ್ಟು ತೆಳು, ಎಷ್ಟು ದಪ್ಪ ಅಂತ ಹೇಳುವ ಗ್ರೇಡ್ ಇದು) ₹2,450. ಇಷ್ಟರಲ್ಲಿ ಎರಡು ಕಂಪನಿಗಳ ಆಯಿಲ್ ಬಳಸಿದ್ದೇನೆ. ಎರಡರ ನಡುವೆ ನನಗೆ ಫರಕು ಕಾಣಲಿಲ್ಲ, ಹಾಗಾಗಿ ಹೆಸರು ಬರೆಯುತ್ತಿಲ್ಲ.

ಒಂದು ಕ್ವಿಂಟಲ್ ತೊಗರಿ ಮಿಲ್ಲಿಗೆ ಹೋಗಿ ಬೇಳೆಯಾಗಿ ಬರುವಷ್ಟರಲ್ಲಿ ಹೊಟ್ಟು ಎಷ್ಟು, ನುಚ್ಚು ಎಷ್ಟು, ಕರೆಂಟಿಗೆ ಎಷ್ಟು ಅಂತ ಲೆಕ್ಕ ಹಾಕೋದು ನನ್ನ ದಿನದ ಕೆಲಸ. ಈ ಡಬ್ಬಿಯನ್ನೂ ಹಾಗೇ ಬಿಡಿಸಿ ನೋಡಿದೆ. ₹2,450ರಲ್ಲಿ ಶೇ 18 ಜಿಎಸ್‌ಟಿಯೇ ಸುಮಾರು ₹374. ಉಳಿದದ್ದರಲ್ಲಿ ಡಬ್ಬಿ, ಸಾಗಣೆ, ಜಾಹೀರಾತು, ಅಂಗಡಿಯವರ ಲಾಭ ಎಲ್ಲ ಬಂತು. ಒಳಗಿನ ಸರಕು ಎರಡೇ: ಬೇಸ್ ಆಯಿಲ್, ಅಂದರೆ ಮೂಲ ಎಣ್ಣೆ, ಮತ್ತು ಅಡಿಟಿವ್. ಕೊಳೆ ತೊಳೆಯುವ, ಸವೆತ ತಡೆಯುವ, ಕಾದಾಗ ತೀರಾ ತೆಳುವಾಗದಂತೆ ಹಿಡಿಯುವ ಈ ಅಡಿಟಿವ್‌ಗಳ ಪಾಲು ಸಾಮಾನ್ಯವಾಗಿ ಶೇ 10ರಿಂದ 20.

ದರದ ಅಂತರ ಹುಟ್ಟೋದು ಹೆಚ್ಚಾಗಿ ಬೇಸ್ ಆಯಿಲ್‌ನಲ್ಲಿ. ಅದನ್ನು ಗ್ರೂಪ್‌ಗಳಾಗಿ ವಿಂಗಡಿಸುತ್ತಾರೆ. ಕಚ್ಚಾತೈಲದ ಭಾರದ ಭಾಗವನ್ನು ಸಾಲ್ವೆಂಟ್ ಹಾಕಿ ತೊಳೆದರೆ ಗ್ರೂಪ್ 1, ಹಳೇ ಕಾಲದ ಮಿನರಲ್. ಅದೇ ಭಾಗವನ್ನು ಭಾರೀ ಒತ್ತಡ, ಭಾರೀ ಕಾವಿನಲ್ಲಿ ಹೈಡ್ರೋಜನ್ ಜತೆ ಸೇರಿಸಿ ಅಣುಗಳನ್ನು ಒಡೆದು, ಗಂಧಕ ತೆಗೆದು, ಮೇಣವನ್ನೂ ತಿದ್ದಿದರೆ ಗ್ರೂಪ್ 3. ಹೈಡ್ರೋಜನ್‌ಗೆ, ಆ ಒತ್ತಡ ತಡೆಯುವ ರಿಯಾಕ್ಟರ್‌ಗೆ, ಕ್ಯಾಟಲಿಸ್ಟ್‌ಗೆ ರೊಕ್ಕ ಸುರಿಯಬೇಕು. ಗ್ರೂಪ್ 4, ಅಂದರೆ ಪಿಎಒ, ಇನ್ನೂ ದುಬಾರಿ. ಎಥಿಲೀನ್ ಅನಿಲದಿಂದ ಡಿಸೀನ್ ಮಾಡಿ, ಅದರ ಅಣುಗಳನ್ನು ಒಂದಕ್ಕೊಂದು ಜೋಡಿಸಿ ಹೊಸದಾಗಿ ಕಟ್ಟುವ ಎಣ್ಣೆ ಅದು. ನಮ್ಮ ದೇಶಕ್ಕೆ ಗ್ರೂಪ್ 3 ಬೇಸ್ ಆಯಿಲ್ ಬಹಳಷ್ಟು ಬರೋದು ಕೊರಿಯಾ, ಗಲ್ಫ್ ಕಡೆಯಿಂದ. ಡಾಲರ್ ಏರಿದರೆ ಡಬ್ಬಿಯ ದರವೂ ಏರುತ್ತೆ.

ಹಾಗಾದರೆ ‘ಫುಲ್ಲಿ ಸಿಂಥೆಟಿಕ್’ ಅಂದರೆ ಪಿಎಒ ಅಂತಲೇ? ಅಲ್ಲ. ಅಮೆರಿಕದಲ್ಲಿ ಕ್ಯಾಸ್ಟ್ರಾಲ್ ಕಂಪನಿ ಗ್ರೂಪ್ 3 ಎಣ್ಣೆಗೆ ಈ ಮಾತು ಬಳಸಿದ್ದಕ್ಕೆ ಮೊಬಿಲ್ ಕಂಪನಿ ತಕರಾರು ತೆಗೆದಿತ್ತು. ಜಾಹೀರಾತು ತಕರಾರು ನೋಡುವ ಅಲ್ಲಿನ ಸಂಸ್ಥೆ 1999ರಲ್ಲಿ, ಗ್ರೂಪ್ 3 ಎಣ್ಣೆಯನ್ನೂ ಸಿಂಥೆಟಿಕ್ ಅನ್ನಬಹುದು ಅಂದಿತು. ಜರ್ಮನಿಯಲ್ಲಿ ಮಾತ್ರ ಆ ಪದಕ್ಕೆ ಬಿಗಿ ಅರ್ಥ ಉಳಿದುಕೊಂಡಿದೆ. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಬಂದ ಮೇಲೆ ಚೀಲದ ಮೇಲಿನ ಹೆಸರಿಗೆ ಒಂದು ಕಾವಲು ಸಿಕ್ಕಿತು. ‘ಸಿಂಥೆಟಿಕ್’ ಅನ್ನೋ ಪದಕ್ಕೆ ಅಂಥ ಕಾವಲಿಲ್ಲ. ಅದಕ್ಕೇ ನಾನು ಡಬ್ಬಿಯ ಮುಂದಿನ ದೊಡ್ಡಕ್ಷರ ಬಿಟ್ಟು ಹಿಂದಿನ ಸಣ್ಣಕ್ಷರ ಓದುತ್ತೇನೆ. ಎಪಿಐ ಎಸ್‌ಪಿ (ಪೆಟ್ರೋಲ್ ಎಂಜಿನ್ ಆಯಿಲ್‌ನ ಗುಣಮಟ್ಟದ ಗುರುತು) ಅಂತಿದೆಯಾ, ಗ್ರೇಡ್ ಗಾಡಿಯ ಪುಸ್ತಕಕ್ಕೆ ಹೊಂದುತ್ತಾ, ಅಷ್ಟು ಸಾಕು. ಗ್ರೂಪ್ 3 ಆದರೂ ನನಗೆ ಚಿಂತೆಯಿಲ್ಲ, ಅದಕ್ಕೆ ಅಂಗಡಿಯವರು ಪಿಎಒ ದರ ಮಾತ್ರ ಕೇಳಬಾರದು.

ಇನ್ನು ಅನುಭವ. ಮಿನರಲ್ ಇದ್ದಾಗ ಬಿಸಿಲು, ಧೂಳು ನೋಡಿ 5,000 ಕಿ.ಮೀ.ಗೇ ಬದಲಿಸುತ್ತಿದ್ದೆ. ಬ್ಯಾಸಗಿಯಲ್ಲಿ ನಡುವೆ ₹200ರ ಅರ್ಧ ಲೀಟರ್ ಟಾಪ್‌ಅಪ್ ಬೇರೆ. ಸಿಂಥೆಟಿಕ್ ಬಂದ ಮೇಲೆ ಪುಸ್ತಕದಲ್ಲಿರುವ 10,000ಕ್ಕೇ ಬದಲಿ. ಪ್ರತಿ ಭಾನುವಾರ ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಡಿಪ್‌ಸ್ಟಿಕ್ ಎಳೆದು, ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ ನೋಡ್ತೀನಿ. ಹೋದ ಮೇ ಕೊನೆಗೆ 8,000 ಓಡಿದ್ದಾಗಲೂ ಮೇಲಿನ ಗೆರೆಯಿಂದ ಒಂದು ಗೋಧಿ ಕಾಳಿನಷ್ಟು ಕೆಳಗಿತ್ತು, ಅಷ್ಟೇ. ಮಿನರಲ್‌ನಲ್ಲಿ ಹಗುರ ಭಾಗ ಕಾವಿಗೆ ಆವಿಯಾಗಿ ಹೋಗುತ್ತೆ, ಇದರಲ್ಲಿ ಅದು ಕಡಿಮೆ. ಬಣ್ಣ ಕಪ್ಪಾಗಿದ್ದಕ್ಕೆ ಮೊದಮೊದಲು ಗಾಬರಿಯಾಗಿತ್ತು. ನಮ್ಮ ಗ್ಯಾರೇಜಿನ ಉಸ್ತಾದರು, “ಕರ್ರಗಾತಂದ್ರ ಕೆಟ್ಟದಂತ ಅಲ್ರಿ ಸಾವ್ಕಾರ. ಒಳಗಿನ ಹೊಲಸು ತನ್ನ ಮೈಮ್ಯಾಲ ಹೊತ್ಕೊಂಡದ” ಅಂದರು.

ಮೈಲೇಜ್? ನನಗೆ ಏರಿಕೆ ಕಾಣಲಿಲ್ಲ.

ಫಿಲ್ಟರ್, ಕೂಲಿ ಸೇರಿ ಪ್ರತಿ ಸಲ ₹350 ಹಿಡಿದರೆ ಮಿನರಲ್‌ಗೆ ಕಿ.ಮೀ.ಗೆ 32 ಪೈಸೆ, ಟಾಪ್‌ಅಪ್ ಸೇರಿಸಿದರೆ 36. ಸಿಂಥೆಟಿಕ್‌ಗೆ 28. ಉಳಿತಾಯ ದೊಡ್ಡದೇನಲ್ಲ, ಆದರೆ ವ್ಯಾಪಾರದ ನಡುವೆ ಗ್ಯಾರೇಜಿನಲ್ಲಿ ಕಳೆಯುವ ಅರ್ಧ ದಿನಗಳು ಅರ್ಧಕ್ಕೆ ಇಳಿದವು.

ಒಂದು ಕಹಿ ಅನುಭವವೂ ಇದೆ. ಎರಡನೇ ಬದಲಾವಣೆ ಒಂದು ಸರ್ವಿಸ್ ಸೆಂಟರಿನಲ್ಲಿ ಮಾಡಿಸಿದ್ದೆ. ಡ್ರಮ್ಮಿನಿಂದ ಲೂಸ್ ಆಯಿಲ್ ಹಾಕಿ ನಾಲ್ಕು ಲೀಟರಿಗೆ ಬಿಲ್ ಮಾಡಿದರು. ಮೂರೂವರೆ ಹಿಡಿಯುವ ಎಂಜಿನ್ನಿಗೆ ನಾಲ್ಕು ಹೇಗೆ ಅಂತ ಕೇಳಿದರೆ ಉತ್ತರವಿಲ್ಲ. ಡ್ರಮ್ಮಿನಲ್ಲಿ ನಿಜಕ್ಕೂ ಏನಿತ್ತೋ ನೋಡಲೂ ಆಗಲಿಲ್ಲ. ಅಂದಿನಿಂದ ಸೀಲ್ ಡಬ್ಬಿ ನಾನೇ ತಂದು, ಮುಚ್ಚಳದ ಕೆಳಗಿನ ಹಾಳೆ ನನ್ನ ಕಣ್ಣೆದುರೇ ಹರಿಸುತ್ತೇನೆ. ಖಾಲಿ ಡಬ್ಬಿಗೆ ಸ್ಕ್ರೂಡ್ರೈವರಿನಿಂದ ತಳದಲ್ಲಿ ತೂತು ಹಾಕಿಯೇ ಗುಜರಿಗೆ ಕೊಡೋದು. ಚೊಕ್ಕ ಡಬ್ಬಿ ಸಿಕ್ಕರೆ ಅದರಲ್ಲಿ ಏನು ತುಂಬಿ ಮಾರುತ್ತಾರೋ ಯಾರಿಗೆ ಗೊತ್ತು.

ಕಾರಿಗೆ ಹಾಕಿ ಉಳಿದ ಆಯಿಲ್ ಬೈಕಿಗೆ ಸುರಿಯಬೇಡಿ. ಬಹಳಷ್ಟು ಬೈಕುಗಳಲ್ಲಿ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತೆ, ಕಾರಿನ ಆಯಿಲ್‌ಗೆ ಜಾರಬಹುದು. ಅಂಥ ಬೈಕಿಗೆ ಜಾಸೋ ಎಂಎ ಅಥವಾ ಎಂಎ2 ಅಂತ ಬರೆದದ್ದೇ ಬೇಕು.

ಎಲ್ಲರೂ ಸಿಂಥೆಟಿಕ್ ಹಾಕಿಸಬೇಕು ಅಂತ ನಾನು ಹೇಳಲ್ಲ. ನಮ್ಮ ಮಾವನವರ ಹಳೇ ಗಾಡಿ ಹುಣ್ಣಿಮೆಗೆ ಗಾಣಗಾಪುರ, ನಡುವೆ ಒಂದೆರಡು ಲಗ್ನ, ವರ್ಷಕ್ಕೆ 4,000 ಕಿ.ಮೀ. ಕೂಡ ಓಡಲ್ಲ. ಓಡಲಿ ಬಿಡಲಿ ವರ್ಷಕ್ಕೊಮ್ಮೆ ಆಯಿಲ್ ಬದಲಿಸಲೇಬೇಕು. ಅವರ ಗಾಡಿಯ ಪುಸ್ತಕ ಮಿನರಲ್‌ಗೂ ಒಪ್ಪುತ್ತೆ ಅಂತ ನೋಡಿಕೊಂಡು, ಹೋದ ತಿಂಗಳು ₹1,250ರ ಡಬ್ಬಿಯನ್ನೇ ನಾನೇ ತಂದು ಹಾಕಿಸಿಕೊಟ್ಟೆ.