ಹಳೆಯ ಮಾರುತಿ 800ಕ್ಕೆ ಯಾವ ಸೈಲೆನ್ಸರ್?

ಹಳೆಯ ಮಾರುತಿ 800ರ ಸೈಲೆನ್ಸರ್ ತುಕ್ಕು ತಿಂದು ತೂತಾದಾಗ ಮುಂದಿರುವ ದಾರಿ ಎರಡು: ಮೂಲ ಅಳತೆಯ ಸಾದಾ ಉಕ್ಕಿನದು, ಇಲ್ಲವೇ ಸ್ಟೇನ್‌ಲೆಸ್ ಸ್ಟೀಲಿನ ಫ್ರೀ ಫ್ಲೋ, ಅಂದರೆ ಹೊಗೆ ಹೆಚ್ಚು ತಡೆಯಿಲ್ಲದೆ ಹೊರಹೋಗುವ ಸೈಲೆನ್ಸರ್.

ಮನೆಯಲ್ಲೇ ಕೂರಿಸುವವರಿಗೆ ಮೊದಲನೆಯದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಫ್ಲೇಂಜಿನ (ಪೈಪುಗಳನ್ನು ಬೋಲ್ಟಿನಿಂದ ಜೋಡಿಸುವ ಚಪ್ಪಟೆ ಅಂಚಿನ) ರಂಧ್ರಗಳು ಹಳೆಯ ಜಾಗಕ್ಕೇ ಹೊಂದುತ್ತವೆ, ಸೈಲೆನ್ಸರನ್ನು ತೂಗಿ ಹಿಡಿಯುವ ರಬ್ಬರ್ ಹ್ಯಾಂಗರುಗಳು ಅದೇ ಕೊಕ್ಕೆಗಳಿಗೆ ಸಿಗುತ್ತವೆ. ಫ್ರೀ ಫ್ಲೋ ಆದರೆ ಸಾಮಾನ್ಯವಾಗಿ ಪೈಪನ್ನು ಕತ್ತರಿಸಿ, ಬಾಗಿಸಿ, ಬೆಸೆಯಬೇಕು. ಅದು ವೆಲ್ಡಿಂಗ್ ಬಲ್ಲವರ ಕೆಲಸ.

ಬಾಳಿಕೆಯಲ್ಲಿ ಮಾತ್ರ ಸ್ಟೇನ್‌ಲೆಸ್ ಬಹಳ ಮುಂದೆ. 304 ದರ್ಜೆಯಲ್ಲಿ ಶೇ 18ರಷ್ಟು ಕ್ರೋಮಿಯಂ ಇರುತ್ತದೆ, ತುಕ್ಕು ಸುಲಭವಾಗಿ ಹಿಡಿಯದು. ದಿನಕ್ಕೆ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ಸೈಲೆನ್ಸರ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಹೊಗೆಯಲ್ಲಿನ ನೀರಾವಿ ಒಳಗೇ ಹನಿಗಟ್ಟಿ ಸಾದಾ ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ಕಾರು ಹಾಗೆ ಓಡುವುದಾದರೆ, ಊರು ಕರಾವಳಿಯದಾದರೆ, ಅದಕ್ಕೆ ಕೊಡುವ ಹೆಚ್ಚಿನ ಹಣ ವ್ಯರ್ಥವಾಗದು.

ಶಕ್ತಿ ಹೆಚ್ಚುತ್ತದೆಂದು ಫ್ರೀ ಫ್ಲೋ ಕೊಳ್ಳಬೇಡಿ. 796 ಸಿಸಿ ಎಂಜಿನ್ನಿನಲ್ಲಿ ಹೆಚ್ಚುವುದು ಮುಖ್ಯವಾಗಿ ಸದ್ದು. ಅದಕ್ಕೆ ಪೊಲೀಸರು ದಂಡ ಹಾಕಬಹುದು. ಹೊಗೆಯಲ್ಲಿನ ವಿಷಾನಿಲ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ತೆಗೆಯಲೇಬೇಡಿ.

ಯಾವುದನ್ನೇ ಆರಿಸಿದರೂ ಬರೀ ಜಾಕ್ ನಂಬಿ ಕಾರಿನಡಿ ನುಸುಳಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಜೋಡಣೆಯ ನಡುವೆ ಸೋರದಂತೆ ಇಡುವ ಗ್ಯಾಸ್ಕೆಟ್ ಹೊಸದೇ ಇರಲಿ. ರಬ್ಬರಿಗೆ ಸೋಪಿನ ನೀರು ಸವರಿದರೆ ಕೊಕ್ಕೆಗೆ ಜಾರಿ ಕೂರುತ್ತದೆ. ಕೊನೆಗೆ ಬಯಲಿನಲ್ಲಿ, ಪೈಪು ತಣ್ಣಗಿರುವಾಗಲೇ ಜೋಡಣೆಗಳಿಗೆ ಅದೇ ನೀರನ್ನು ಹಚ್ಚಿ ಎಂಜಿನ್ ಚಾಲೂ ಮಾಡಿಸಿ: ಗುಳ್ಳೆ ಎದ್ದ ಕಡೆ ಸೋರಿಕೆ ಇದೆ, ಬೋಲ್ಟನ್ನು ಮತ್ತೆ ಬಿಗಿ ಮಾಡಿ.